ಕೆಂಪು ಹಗ್ಗ ಎಳೆದವರು

ಕಳೆದ ವಾರ ಆಫೀಸಿನಲ್ಲಿ ಯಾರೋ ಜಪಾನಿನಿಂದ ತಂದ ಚಾಕೊಲೇಟ್ ಡಬ್ಬಿಯನ್ನು ಕಾಫಿ ಮೇಜಿನ ಮೇಲೆ ಇಟ್ಟಿದ್ದರು. ಮುಚ್ಚಳ ತೆಗೆದೆ. ಹಾಲಿನ ಪುಡಿಯ ಪರಿಮಳ, ಬಾಯ್ಸನ್‌ಬೆರಿ ಹಣ್ಣಿನ ಹುಳಿ, ಅದರ ಅಡಿಯಲ್ಲಿ ತಣ್ಣನೆಯ ರಟ್ಟಿನ ವಾಸನೆ... ಕಂಪನಿಯ ಹೆಸರು ಓದುವ ಮೊದಲೇ ನನಗೆ ಗೊತ್ತಾಯಿತು. ಪಕ್ಕದ ಮನೆಯ ಆಂಟಿ ನೆನಪಾದರು.

ನಾವಾಗ ನ್ಯೂಜಿಲೆಂಡಿನ ನೆಲ್ಸನ್‌ನಲ್ಲಿದ್ದೆವು. ಅಪ್ಪ ಬಂದರಿನಲ್ಲಿ ಎಂಜಿನಿಯರ್. ಆಂಟಿ ಧಾರವಾಡದ ಕಡೆಯವರು. ಅವರ ಗಂಡ ಊರಿನಲ್ಲಿ ಹೆಸರು ಮಾಡಿದ್ದ ಡಾಕ್ಟರ್. ಇಲ್ಲಿ ವೈದ್ಯರಾಗಿ ನೋಂದಣಿ ಸಿಗದೆ, ತಲೆ ನರೆಯುವ ವಯಸ್ಸಿನಲ್ಲಿ ಮತ್ತೆ ಪರೀಕ್ಷೆಗೆ ಓದುತ್ತಿದ್ದರು. ಮನೆ ನಡೆಯುತ್ತಿದ್ದದ್ದು ಆಂಟಿಯ ಸಂಬಳದಲ್ಲಿ.

ಅವರು ಕೆಲಸ ಮಾಡುತ್ತಿದ್ದ ಜಪಾನಿ ಚಾಕೊಲೇಟ್ ಕಂಪನಿ ನೆಲ್ಸನ್‌ಗೆ ಬಂದದ್ದು ಅಲ್ಲಿನ ಹಣ್ಣನ್ನು ಹುಡುಕಿಕೊಂಡು. ಹಿಂದೆ ಸೇಬು ಪ್ಯಾಕ್ ಮಾಡುತ್ತಿದ್ದ ಶೆಡ್ಡು, ಒಂದೇ ಯಂತ್ರ, ಬೆರಳೆಣಿಕೆಯಷ್ಟು ಜನ. ಆಂಟಿ ಆ ಮೊದಲ ಗುಂಪಿನವರು. ಜಪಾನಿನಿಂದ ಬಂದಿದ್ದ ಹಿರಿಯರೊಬ್ಬರು ತಾವೇ ನೆಲ ಒರೆಸುತ್ತ, ತಾವೇ ಯಂತ್ರ ಬಿಚ್ಚಿ ಜೋಡಿಸುತ್ತ ಅವರಿಗೆಲ್ಲ ಕೆಲಸ ಕಲಿಸಿದ್ದರಂತೆ. ಚಾಕೊಲೇಟ್ ಸಾಗಿಸುವ ಬೆಲ್ಟಿನ ಉದ್ದಕ್ಕೂ, ಕೈಗೆಟಕುವ ಎತ್ತರದಲ್ಲಿ, ಕೆಂಪು ಹಗ್ಗವೊಂದನ್ನು ಕಟ್ಟಿಸಿದವರೂ ಅವರೇ. ತಪ್ಪು ಕಂಡವರು ಅದನ್ನು ಎಳೆಯಬೇಕು. ಕಂಡವರು ಕಸ ಗುಡಿಸುವವರಾದರೂ ಸರಿ. ಬೆಲ್ಟು ನಿಲ್ಲುತ್ತದೆ, ದೀಪ ಹತ್ತುತ್ತದೆ. ಎಳೆದವರಿಗೆ ಮೊದಲು ಥ್ಯಾಂಕ್ಸ್ ಹೇಳಬೇಕು. ತಪ್ಪೇನೆಂದು ಕೇಳುವುದು ಆಮೇಲೆ.

ಯೂನಿವರ್ಸಿಟಿಯ ಬೇಸಿಗೆ ರಜೆಯಲ್ಲಿ ನಾನು ಅಲ್ಲಿಗೆ ಕೆಲಸಕ್ಕೆ ಹೋದಾಗ ಕಂಪನಿ ದೊಡ್ಡದಾಗಿತ್ತು. ಪಕ್ಕದ ಶೆಡ್ಡು ಕೊಂಡಿದ್ದರು, ಎರಡನೆಯ ಬೆಲ್ಟು ಬಂದಿತ್ತು, ಹಡಗಿನ ಕಂಟೇನರುಗಳು ಬಾಗಿಲಿಗೇ ಬಂದು ನಿಲ್ಲುತ್ತಿದ್ದವು. ಫೆಬ್ರವರಿಯಲ್ಲಿ ತಮಗೆ ಚಾಕೊಲೇಟ್ ಕೊಟ್ಟ ಹೆಂಗಸರಿಗೆ ಜಪಾನಿನ ಗಂಡಸರು ಮಾರ್ಚ್‌ನಲ್ಲಿ ಮರಳಿ ಉಡುಗೊರೆ ಕೊಡುವ ಪದ್ಧತಿಯಿದೆ. ಆ ಸರಕು ಜನವರಿಯಲ್ಲೇ ಹಡಗು ಹತ್ತಬೇಕು.

“ಪಾಪ, ಒಂದ ತಿಂಗಳಿಗೆ ನೆನಪಾಗತೈತಿ ಆ ಗಂಡಸರಿಗೆ,” ಎನ್ನುತ್ತಿದ್ದರು ಆಂಟಿ. “ನಮ್ಮ ಡಾಕ್ಟರಿಗೆ ಇಪ್ಪತ್ತ ವರ್ಷ ಆತು, ಇನ್ನೂ ಆಗವಲ್ದು.”

ಅಲ್ಲಿ ಜನವರಿಯೆಂದರೆ ನಡುಬೇಸಿಗೆ. ಹೊರಗೆ ಉರಿಬಿಸಿಲು, ಚಾಕೊಲೇಟ್ ಕರಗದಿರಲೆಂದು ಒಳಗೆ ನಡುಕ ಹುಟ್ಟಿಸುವ ಚಳಿ. ಮೊದಲ ದಿನವೇ ಆಂಟಿ ತಮ್ಮ ಸ್ವೆಟರ್ ಬಿಚ್ಚಿ ನನಗೆ ತೊಡಿಸಿದ್ದರು. ನಾನು ಮಾತು ಕಡಿಮೆಯವಳು. ಅವರು ಅದನ್ನು ಸರಿಮಾಡಲು ಹೋಗಲಿಲ್ಲ. ಇಬ್ಬರ ಪಾಲಿನ ಮಾತನ್ನೂ ತಾವೇ ಆಡಿದರು.

ಹೊಸ ಬೆಲ್ಟಿನ ಜೊತೆ ಹೊಸ ಮ್ಯಾನೇಜರೂ ಬಂದಿದ್ದ, ಆಕ್ಲೆಂಡ್‌ನವನು. ಒಂದು ಬೆಳಿಗ್ಗೆ ಎಲ್ಲರಿಗೂ ಬ್ಯಾಡ್ಜ್ ಹಂಚಿದ. ನಾಲಿಗೆಗೆ ಸಿಗದ ಹೆಸರಿನವರಿಗೆಲ್ಲ ತಾನೇ ಗಿಡ್ಡ ಹೆಸರು ಅಚ್ಚು ಮಾಡಿಸಿದ್ದ. ನಮ್ಮ ಜೊತೆಗಿದ್ದ ಟೋಂಗಾ ದ್ವೀಪದ ಹೆಂಗಸು ಮೇರಿ. ನಾನು ಸೂ. ಆಂಟಿ ಬೆಟ್ಟಿ. ಯಂತ್ರದ ಸದ್ದಿನಲ್ಲಿ ಕೂಗಿ ಕರೆಯಲು ಸುಲಭ ಎಂದ.

ಆಂಟಿ ಬ್ಯಾಡ್ಜನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. “ನಮ್ಮ ಊರಾಗ ಎಮ್ಮಿಗೆ ಹೆಸರ ಇಡಬೇಕಾದರೂ ಮನಿಮಂದಿನ್ನ ಕೇಳ್ತೇವಿ,” ಎಂದರು. ಆದರೂ ಅಂಗಿಗೆ ಸಿಕ್ಕಿಸಿಕೊಂಡರು. ಡಾಕ್ಟರ್ ಅಂಕಲ್ ಅವರ ಪರೀಕ್ಷೆ ಹತ್ತಿರವಿತ್ತು.

ಆ ವಾರದಲ್ಲೇ ನಡೆದದ್ದು ಇದು. ಹಡಗಿಗೆ ಸರಕು ತುಂಬಿಸುವ ಅವಸರ. ಹಿಂದಿನಿಂದ ಯಾರೋ “ಸೂ, ಸೂ” ಎಂದು ಕೂಗುತ್ತಿದ್ದರು. ನಾನು ತಿರುಗಲಿಲ್ಲ. ಅದು ನನ್ನ ಹೆಸರಲ್ಲ. ಮ್ಯಾನೇಜರ್ ಬಂದು ನನ್ನ ಕಿವಿಯ ಬಳಿ ಚಿಟಿಕೆ ಹೊಡೆದ, ನಾಯಿಯನ್ನು ಎಬ್ಬಿಸುವ ಹಾಗೆ. “ಕಿವಿ ಕೇಳಿಸುವುದಿಲ್ಲವೇನು?”

ಬೆಲ್ಟು ನಿಂತಿತು. ಕೆಂಪು ದೀಪ ಹತ್ತಿತು. ಅಷ್ಟು ದೊಡ್ಡ ಶೆಡ್ಡಿನಲ್ಲಿ ಒಮ್ಮೆಲೇ ಮೌನ... ಹಗ್ಗ ಆಂಟಿಯ ಮುಷ್ಟಿಯಲ್ಲಿತ್ತು.

“ಆಂಟಿ, ಬಿಡಿ ಪ್ಲೀಸ್. ನಿಮ್ಮ ಕೆಲಸ ಹೋಗತ್ತೆ,” ಎಂದೆ.

“ಹೋಗಲಿ, ತಂಗಿ. ಕೆಲಸ ಹೋದರ ಇನ್ನೊಂದ ಹುಡುಕತೇನಿ. ಹೆಸರ ಹೋದರ ಎಲ್ಲಿ ಹುಡುಕಲಿ?”

ಜಪಾನಿನ ಹಿರಿಯರು ಒಳಗಿನಿಂದ ಬಂದರು. ನಿಯಮದಂತೆ ಆಂಟಿಯ ಮುಂದೆ ನಿಂತು, ತಲೆ ಬಾಗಿಸಿ, ಥ್ಯಾಂಕ್ಸ್ ಹೇಳಿದರು. ತಪ್ಪೇನೆಂದು ಕೇಳಿದರು. ಆಂಟಿ ತಮ್ಮ ಬ್ಯಾಡ್ಜ್ ಕಿತ್ತು, ಕೈ ಚಾಚಿ ನನ್ನದನ್ನೂ ಕಿತ್ತು, ಒಡೆದ ಚಾಕೊಲೇಟ್ ಹಾಕುವ ತಟ್ಟೆಗೆ ಹಾಕಿದರು.

“ರಾಂಗ್ ಲೇಬಲ್,” ಎಂದರು.

ಮ್ಯಾನೇಜರ್ ನಕ್ಕ. ಹಗ್ಗವಿರುವುದು ಚಾಕೊಲೇಟಿಗಾಗಿ ಎಂದ. ಆಂಟಿ ಅವನತ್ತ ನೋಡಲೇ ಇಲ್ಲ. ಡಬ್ಬಿಯ ಮೇಲೆ ಲೇಬಲ್ ತಪ್ಪಿದ್ದರೆ ನಿಲ್ಲಿಸಿ ಎಂದು ನಮಗೆ ಕಲಿಸಿದವರು ನೀವು, ಇದೂ ತಪ್ಪಿದೆ, ಸರಿಯಾಗುವವರೆಗೆ ಹಗ್ಗ ಬಿಡುವುದಿಲ್ಲ ಎಂದು ಹಿರಿಯರಿಗೇ ಹೇಳಿದರು, ತಮ್ಮ ಧಾರವಾಡದ ಇಂಗ್ಲಿಷಿನಲ್ಲಿ, ತಡವರಿಸದೆ.

ಹಿರಿಯರು ತಟ್ಟೆಯತ್ತ ಬಾಗಿ ನೋಡಿದರು. ಆಮೇಲೆ ನಿಧಾನವಾಗಿ ತಮ್ಮ ಎದೆಯ ಮೇಲಿದ್ದ ಬ್ಯಾಡ್ಜ್ ತೆಗೆದು ಅದರಲ್ಲಿಟ್ಟರು. ಅದರ ಮೇಲೆ ‘ಕೆನ್’ ಎಂದಿತ್ತು. ಅವರಿಗೂ ಒಂದು ಗಿಡ್ಡ ಹೆಸರು ಸಿಕ್ಕಿತ್ತೆಂದು ಅಲ್ಲಿಯವರೆಗೆ ನಾವ್ಯಾರೂ ಗಮನಿಸಿರಲಿಲ್ಲ.

ಟೋಂಗಾದ ಹೆಂಗಸು ಜೋರಾಗಿ ನಕ್ಕು ತನ್ನದನ್ನೂ ಎಸೆದಳು. ಪ್ಯಾಕಿಂಗ್ ಟೇಪಿನ ಮೇಲೆ ನಮ್ಮ ನಮ್ಮ ಹೆಸರನ್ನು ನಾವೇ ಬರೆದು ಅಂಟಿಸಿಕೊಂಡೆವು. ನನ್ನ ಉದ್ದದ ಹೆಸರು ಎದೆಯಿಂದ ತೋಳಿನವರೆಗೂ ಹೋಯಿತು. ಹಡಗು ತಪ್ಪಲಿಲ್ಲ.

ಮಾರ್ಚ್ ಕಳೆದ ಮೇಲೆ ಹಿರಿಯರನ್ನು ಜಪಾನಿಗೆ ವಾಪಸ್ ಕರೆಸಿಕೊಂಡರು. ಹಗ್ಗವನ್ನು ಬಿಚ್ಚಿ, ಬೆಲ್ಟು ನಿಲ್ಲಿಸಲು ಒತ್ತುವ ಒಂದು ಗುಂಡಿ ಕೂರಿಸಿದರು. ಅದಕ್ಕೊಂದು ಗಾಜಿನ ಬಾಗಿಲು, ಬಾಗಿಲ ಕೀಲಿ ಮ್ಯಾನೇಜರ್ ಬಳಿ. ಕಂಪನಿ ಬೆಳೆಯುತ್ತಿದೆ, ಜನರನ್ನು ಹೊಸದಾಗಿ ಹೊಂದಿಸಬೇಕು ಎಂದು ಹೇಳಿ ಆಂಟಿಯನ್ನು ಕೆಲಸದಿಂದ ಬಿಡಿಸಿದರು. ಅಂಕಲ್ ಪಾಸಾಗುವವರೆಗೂ ಅವರು ಮೋಟೆಲೊಂದರಲ್ಲಿ ಹಾಸಿಗೆ ಹಾಸುವ ಕೆಲಸ ಮಾಡಿದರು. ಆ ಹೊಸ ಕೆಲಸದಲ್ಲಿ ಮೊದಲ ದಿನವೇ ತಮ್ಮ ಹೆಸರನ್ನು ಮಾಲೀಕನಿಂದ ಬಾಯಿಪಾಠ ಮಾಡಿಸಿದರಂತೆ. ಬೇಸರವಿಲ್ಲವೇ ಎಂದು ಒಮ್ಮೆ ಕೇಳಿದ್ದೆ. “ಯಾತಕ್ಕ? ಆ ಹಗ್ಗ ಮತ್ತ ಸಿಕ್ಕರ ಮತ್ತ ಎಳೀತೇನಿ,” ಎಂದಿದ್ದರು.

ಆಮೇಲೆ ಅವರು ದೂರದ ರೊಟೊಟೂನ ಎಂಬಲ್ಲಿಗೆ ಹೋದರು, ನಾನು ಆಕ್ಲೆಂಡಿಗೆ ಬಂದೆ. ಫೋನು ಹಬ್ಬಕ್ಕೊಮ್ಮೆ ಆಯಿತು. ಕೊನೆಯ ಫೋನು ಮಾಡಿದವರು ಅಂಕಲ್...

ಆಫೀಸಿನ ಆ ಡಬ್ಬಿಯೊಳಗೆ ಕಂಪನಿಯ ಕಥೆ ಹೇಳುವ ಚಿಕ್ಕ ಹಾಳೆಯಿತ್ತು. ಎಷ್ಟೋ ದೇಶಗಳು, ಎಷ್ಟೋ ವಿಮಾನ ನಿಲ್ದಾಣಗಳಲ್ಲಿ ಅಂಗಡಿಗಳು. ಮೂಲೆಯಲ್ಲಿ ಸೇಬಿನ ಶೆಡ್ಡಿನ ಹಳೆಯ ಫೋಟೊ. ಬೆಲ್ಟಿನ ಮೇಲ್ಗಡೆ ತೆಳ್ಳಗೆ ಒಂದು ಕೆಂಪು ಗೆರೆ. ಜನರ ಹೆಸರು ಒಂದೂ ಇಲ್ಲ. ಆಂಟಿಯ ಹೆಸರನ್ನು ನಾನಾದರೂ ಇಲ್ಲಿ ಬರೆಯಬಹುದಿತ್ತು. ಆದರೆ ಕೇಳದೆ ಯಾರ ಹೆಸರನ್ನೂ ಮುಟ್ಟಬಾರದು ಎಂದು ಕಲಿಸಿದವರು ಅವರೇ, ಕೇಳೋಣವೆಂದರೆ ಅವರಿಲ್ಲ.

ಅಷ್ಟರಲ್ಲಿ ಹೊಸದಾಗಿ ಸೇರಿದ ಸಹೋದ್ಯೋಗಿ ಬಂದು ಒಂದು ಚಾಕೊಲೇಟ್ ತೆಗೆದುಕೊಂಡ. ನನ್ನ ಬ್ಯಾಡ್ಜ್ ಓದಲು ಹೋಗಿ ಅರ್ಧಕ್ಕೆ ನಿಲ್ಲಿಸಿದ. ಚಿಕ್ಕದಾಗಿ ಏನಾದರೂ ಕರೆಯಬಹುದೇ ಎಂದು ನಗುತ್ತ ಕೇಳಿದ.

ತಲೆಯ ಮೇಲೆ ಹಗ್ಗವಿರಲಿಲ್ಲ. “ಇಲ್ಲ,” ಎಂದೆ. “ಮೊದಲಿನಿಂದ ಓದಿ.”