ಬೊಗಳದ ಕೆಂಚನಿಗೆ ಪಾಠ

ನನಗೆ ಅನುಮಾನ ಜಾಸ್ತಿ. ಬೀಗ ಹಾಕಿದ ಮೇಲೆ ಮೂರು ಸಲ ಎಳೆದು ನೋಡುತ್ತೇನೆ. ಬಿಳಿಕೆರೆಯಲ್ಲಿ ಬಸ್ ಹತ್ತಿದರೆ ಇದು ಹುಣಸೂರಿಗೇ ತಾನೇ ಎಂದು ಕಂಡಕ್ಟರನ್ನು ಕೇಳಿ, ಅವನು ಹೇಳಿದ್ದು ನಿಜವೇ ಎಂದು ಪಕ್ಕದವರನ್ನೂ ಕೇಳುತ್ತೇನೆ. ಇಂಥವನ ಪಾಲಿಗೆ ಬಂದದ್ದು ಬೊಗಳದ ನಾಯಿ.

ಕೆಂಚನಿಗೆ ಎಂಟು ವರ್ಷ. ನಮ್ಮ ಶುಂಠಿ ಹೊಲಕ್ಕೆ ಕೆಲಸಕ್ಕೆ ಬರುತ್ತಿದ್ದ, ಕೋಟೆ ತಾಲ್ಲೂಕಿನ ಕಾಡಂಚಿನ ಹಾಡಿಯ ಮಾದಮ್ಮ, ಮಗಳ ಬಾಣಂತನಕ್ಕೆಂದು ಕೊಡಗಿಗೆ ಹೋಗುವಾಗ ಅವನನ್ನು ನಮಗೆ ಒಪ್ಪಿಸಿದಳು. ಯಾರು ಬಂದರೂ ಅವನದು ಮೌನ. ಪಶುವೈದ್ಯರು ಕಿವಿ, ಗಂಟಲು ನೋಡಿ ಏನೂ ದೋಷವಿಲ್ಲ ಎಂದರು. ಹಾಗಾದರೆ ಕಳ್ಳರ ಜೊತೆ ಒಪ್ಪಂದವೇನಾದರೂ ಇದೆಯೇ ಎಂದು ನನಗೆ ಗುಮಾನಿ ಬಂತು.

ಒಂದು ದಿನ ಉಪವಾಸ ಕೆಡವಿದರೆ ತಾನಾಗಿಯೇ ಬಾಯಿ ಬಿಡುತ್ತಾನೆ ಎಂದರು ಪಕ್ಕದ ಹೊಲದ ಜವರೇಗೌಡರು. ಮೂವತ್ತು ವರ್ಷ ಮೇಷ್ಟ್ರಾಗಿದ್ದ ನನಗೆ ಹಸಿದ ಹುಡುಗರು ಎಷ್ಟು ಕಲಿಯುತ್ತಾರೆಂದು ಗೊತ್ತು. ಆ ಪದ್ಧತಿ ಬೇಡವೆಂದೆ. ನೀವೇ ಬೊಗಳಿ ತೋರಿಸಿ, ಅದು ಬೊಗಳಿದಾಗ ಬಿಸ್ಕತ್ತು ಕೊಡಿ ಎಂದ ಮೊಬೈಲಿನ ವಿಡಿಯೊದಲ್ಲಿ ಕಂಡ ಒಬ್ಬ ಪಂಡಿತ. ಬೊಗಳಿದೆ. ಡೇರಿಗೆ ಹಾಲು ಒಯ್ಯುತ್ತಿದ್ದವರು ನಿಂತು ನೋಡಿದರು. ಕೆಂಚ ನನ್ನನ್ನು ಕರುಣೆಯಿಂದ ನೋಡಿ, ಕೈಯಲ್ಲಿದ್ದ ಬಿಸ್ಕತ್ತನ್ನು ಮೆಲ್ಲಗೆ ತೆಗೆದುಕೊಂಡ.

ಕೊನೆಗೆ ಮಾದಮ್ಮನಿಗೇ ಫೋನು ಮಾಡಿದೆ.

“ಕಾಡಂಚಲ್ಲಿ ಬೊಗಳೋ ನಾಯಿನ ಚಿರತೆ ಬುಡ್ತದಾ ಮೇಷ್ಟ್ರೇ? ಸುಮ್ಕಿರು ಅಂತ ನಾನೇ ಕಲ್ಸಿದ್ದು. ಅವ್ನು ಬಾಯಲ್ಲಿ ಯೋಳಾಕಿಲ್ಲ, ಬಂದು ಕಾಲಿಗೆ ಒರಗ್ತಾನೆ. ನೀವು ನೋಡ್ನಿಲ್ವಾ?”

ನೋಡಿದ್ದೆ. ಅನ್ನದ ಆಸೆಗೆ ನನಗೆ ಬೆಣ್ಣೆ ಹಚ್ಚುತ್ತಿದ್ದಾನೆಂದು ತಿಳಿದು ಪ್ರತಿ ಸಲವೂ ದೂರ ತಳ್ಳಿದ್ದೆ. ಪಾಪ, ಅಷ್ಟು ಸಲ ಅವನು ಹೇಳಿದ್ದನ್ನು ನಾನು ಕೇಳಿಸಿಕೊಂಡಿರಲಿಲ್ಲ. ಆ ದಿನ ಅವನ ತಲೆ ಸವರುವಾಗ ನಾಚಿಕೆಯಾಯಿತು.

ಕಲಿತದ್ದನ್ನು ಮರೆಸುವ ಬದಲು ಅದರ ಮೇಲೇ ಪಾಠ ಕಟ್ಟಿದೆ. ಅವನು ಒರಗಿದರೆ ನಾನು ಎದ್ದು ಗೇಟಿನ ಕಡೆ ನೋಡಿ, “ನೋಡ್ದೆ ಕಣೋ” ಎನ್ನಬೇಕು. ಆಗ ಅವನು ಕೂರಬೇಕು. ಕೂತರೆ ತುಂಡು ಬಿಸ್ಕತ್ತು. ಹದಿನೈದು ದಿನಕ್ಕೆ ಇಬ್ಬರಿಗೂ ಪಾಠ ಬಂತು.

ಮೊನ್ನೆ ಮಧ್ಯಾಹ್ನ ಕೆಂಚ ಬಂದು ಮೊಣಕಾಲಿಗೆ ಒತ್ತಿ ನಿಂತ. ಗೇಟಿನಾಚೆ ಹೆಲ್ಮೆಟ್ಟು ಹಿಡಿದ ಒಬ್ಬ, ಹೊಸ ಅಗ್ರಹಾರದ ದಾರಿ ಕೇಳಿದ. ಹೇಳಿದೆ. ಅವನು ನೀರು ಕುಡಿದು ಹೊರಟ. ಬೈಕು ತಿರುವು ದಾಟುವವರೆಗೂ ನಾವಿಬ್ಬರೂ ನೋಡಿದೆವು. ದಾಟಿದೊಡನೆ ಕೆಂಚ ಹೋಗಿ ನೆರಳಲ್ಲಿ ಮಲಗಿ ನಿದ್ದೆ ಹೋದ. ನಾನು ಮಾತ್ರ, ಆ ಮನುಷ್ಯ ನಿಜವಾಗಿಯೂ ಹೊಸ ಅಗ್ರಹಾರಕ್ಕೇ ಹೋದನೇ ಎಂದು ಸಂಜೆಯವರೆಗೂ ಯೋಚಿಸುತ್ತಿದ್ದೆ.