ಮೂರನೇ ನಿಮಿಷಕ್ಕೆ ಸಾಯುವವಳ ಹೆಸರು

ಹನ್ನೊಂದು ವರ್ಷದಲ್ಲಿ ಎಷ್ಟು ಸಲ ಸತ್ತಿದ್ದೇನೆ ಅನ್ನೋದು ರುವೈದಾಗೇ ನೆನಪಿಲ್ಲ. ಅಮ್ಮಾನ್ ನಗರದ ಗುಡ್ಡದ ಮೇಲಿನ ಸ್ಟುಡಿಯೋದಲ್ಲಿ ವಿಡಿಯೋ ಗೇಮುಗಳ ಹೆಣ್ಣು ಪಾತ್ರಗಳಿಗೆ ದನಿ ಕೊಡೋದು ಅವಳ ಕೆಲಸ. ಮಹಾ ಏನಿರುತ್ತೆ ಅದರಲ್ಲಿ? ಗೋಪುರದಲ್ಲಿ ಕೂತು "ಕಾಪಾಡಿ" ಅನ್ನಬೇಕು, ಇಲ್ಲವೇ ಚೀರಿ ಸಾಯಬೇಕು. ಆಮೇಲೆ ಗಂಡಸು ಕತ್ತಿ ಹಿರಿದು ಸೇಡಿಗೆ ಹೊರಡುತ್ತಾನೆ. ಅವಳ ಹೆಣ ಬೀಳದೆ ಹೊಸಿಲು ದಾಟೋದಿಲ್ಲ, ಅಂಥ ಶೂರ!

"ಚೆನ್ನಾಗಿ ಸಾಯ್ತೀಯ ಕಣಮ್ಮ" ಅಂತ ನಿರ್ದೇಶಕ ಹಾಝಿಮ್ ಹೊಗಳಿದಾಗೆಲ್ಲ ಅವಳು ನಕ್ಕು ಸುಮ್ಮನಾಗುತ್ತಿದ್ದಳು. ಈ ಸಲ ಆಗಲಿಲ್ಲ. ಹಾಳೆಯಲ್ಲಿ ಅವಳ ಪಾತ್ರಕ್ಕೆ 'ವೀರನ ಹೆಂಡತಿ' ಅಂತಷ್ಟೇ ಬರೆದಿತ್ತು.

"ಇವಳ ಹೆಸರೇನು?"

"ಮೂರನೇ ನಿಮಿಷಕ್ಕೆ ಸಾಯೋಳಿಗೆ ಹೆಸರು ಯಾಕಮ್ಮ?"

"ಕುದುರೆಗೆ ಇಟ್ಟಿದ್ದೀರಲ್ಲ."

"ಕುದುರೆ ಕೊನೇ ತನಕ ಇರುತ್ತೆ."

ರುವೈದಾಗೆ ತನ್ನ ಮದುವೆ ಕಾರ್ಡು ನೆನಪಾಯಿತು. ಗಂಡನ ಹೆಸರು ಹೊಂಬಣ್ಣದಲ್ಲಿ. ಅವಳ ಹೆಸರಿರಬೇಕಾದಲ್ಲಿ 'ಇಂಥವರ ಮಗಳು'. ಅವತ್ತು ಖುಷಿಯಾಗೇ ಹಂಚಿದ್ದಳು, ಎಲ್ಲರ ಕಾರ್ಡೂ ಹಾಗೇ ತಾನೇ. ಈಗ ಹಾಳೆಯನ್ನು ಮೇಜಿಗೆ ಕುಕ್ಕಿದಳು.

"ಹೆಸರಿಲ್ಲದೆ ನಾನು ಸಾಯಲ್ಲ. ಬೇರೆಯವರನ್ನ ಕರೆಸ್ಕೊಳ್ಳಿ."

ಅಂದುಬಿಟ್ಟಳೇನೋ ನಿಜ. ಆದರೆ ಗಂಡ ತೀರಿಕೊಂಡ ಮೇಲೆ ಅವಳ ಮನೆ ಒಲೆ ಉರಿಯುತ್ತಿದ್ದದ್ದು ಈ ಚೀರಾಟದಿಂದಲೇ.

"ಹಾಗಾದ್ರೆ ಕರೆಸ್ತೀನಿ ಬಿಡು" ಅಂದ ಹಾಝಿಮ್. "ಮೊದಲು ಇವರದ್ದು ಮುಗೀಲಿ."

ವೀರನಿಗೆ ದನಿ ಕೊಡುತ್ತಿದ್ದವರು ಅಬೂ ಗಸ್ಸಾನ್, ಹಳೇ ನಾಟಕದವರು, ಅರವತ್ತೆಂಟಾದರೂ ಗಂಟಲು ನಗಾರಿ. ರಂಜಾನಿಗೆ ಮುಂಚೆಯಷ್ಟೇ ಅವರ ಹೆಂಡತಿ ತೀರಿಕೊಂಡಿದ್ದರು. ಪತ್ರಿಕೆಯ ಸಾವಿನ ಸುದ್ದಿಯಲ್ಲಿ ಬಂದದ್ದೂ ಮಗನ ಹೆಸರು ಹಿಡಿದು 'ಗಸ್ಸಾನನ ತಾಯಿ' ಅಂತಲೇ. ಮನೆಯ ಹೆಂಗಸಿನ ಹೆಸರನ್ನು ಪರರ ಮುಂದೆ ಬಾಯಿಬಿಟ್ಟು ಹೇಳುವ ಗಂಡಸು ಅವರ ಓಣಿಯಲ್ಲಿ ಒಬ್ಬನೂ ಇಲ್ಲ. ಅದನ್ನೇ ಮರ್ಯಾದೆ ಅನ್ನುತ್ತಾರೆ.

ಬೆಳಗಿನಿಂದ ಅವರು "ಅಯ್ಯೋ ನನ್ನ ಹೆಂಡತಿ!" ಅಂತ ಏಳು ಸಲ ಕೂಗಿದ್ದರು. ಏಳೂ ಸಪ್ಪೆ.

"ಯಜಮಾನ್ರೇ, ಬಸ್ಸು ತಪ್ಪಿಸಿಕೊಂಡವರ ಹಾಗೆ ಕೂಗ್ತಿದ್ದೀರಿ" ಅಂತ ಹಾಝಿಮ್ ತಲೆ ಚಚ್ಚಿಕೊಂಡ.

ರುವೈದಾ ಚೀಲ ಹೆಗಲಿಗೆ ಹಾಕಿಕೊಂಡವಳು ನಿಂತಳು. "ದೊಡ್ಡಪ್ಪ, ಸತ್ತೋಳನ್ನ ಯಾರಾದ್ರೂ 'ಹೆಂಡತಿ' ಅಂತ ಕೂಗ್ತಾರಾ? ಹೆಸರಿಲ್ಲದೋಳಿಗಾಗಿ ಅಳು ಎಲ್ಲಿಂದ ಬರಬೇಕು?"

"ಹೆಸರೆಲ್ಲ ಬಾಯಲ್ಲಿ ಹೇಳೋದಲ್ಲ ಮಗಳೇ."

ಮುದುಕರು ನೀರು ಕುಡಿದರು. ಮೈಕಿನ ಕಡೆ ತಿರುಗಿ ಕಣ್ಣು ಮುಚ್ಚಿದರು. ಎಂಟನೇ ಸಲ ರೆಕಾರ್ಡಿಂಗಿನ ಕೆಂಪು ದೀಪ ಹತ್ತಿತು.

"ತಹಾನೀ! ಏಳೇ ತಹಾನೀ!"

ಗಾಜಿನಾಚೆ ಹಾಝಿಮ್ ಎದ್ದು ನಿಂತುಬಿಟ್ಟ. ಆ ಹೆಸರು ಯಾರದ್ದು ಅಂತ ಯಾರೂ ಕೇಳಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ. ಹಾಝಿಮ್ ಮೆಲ್ಲಗೆ, "ಯಜಮಾನ್ರೇ, ಬೇಕಿದ್ರೆ ಬೇರೆ ಯಾವ್ದಾದ್ರೂ ಹೆಸರಲ್ಲಿ..." ಅಂದ.

"ಬೇಡ. ಇರ್ಲಿ."

ಹಾಝಿಮ್ ಹಾಳೆಯಲ್ಲಿ 'ವೀರನ ಹೆಂಡತಿ' ಹೊಡೆದುಹಾಕಿ 'ತಹಾನಿ' ಅಂತ ಬರೆದು, ರುವೈದಾ ಕೈಗೆ ಕೊಟ್ಟ. ಅವಳು ಚೀಲ ಕೆಳಗಿಟ್ಟಳು. ಹಾಗಂತ ಕತೆಯೇನು ಬದಲಾಗಲಿಲ್ಲ. ತಹಾನಿ ಮೂರನೇ ನಿಮಿಷಕ್ಕೇ ಸತ್ತಳು. ಹೆಸರಿಟ್ಟುಕೊಂಡು ಸತ್ತಳು, ಅಷ್ಟೇ.

ಕೆಲಸ ಮುಗಿಸಿ ಬಂದರೆ ಅಬೂ ಗಸ್ಸಾನ್ ಮೆಟ್ಟಿಲ ಮೇಲೆ ಕೂತಿದ್ದರು. ಕೈಯಲ್ಲಿದ್ದ ಕಾಫಿ ಆರಿಹೋಗಿತ್ತು. ರುವೈದಾ ಪಕ್ಕದಲ್ಲಿ ಕೂತಳು.

"ತಪ್ಪು ತಿಳೀಬೇಡಿ ದೊಡ್ಡಪ್ಪ."

"ನಲವತ್ತೊಂದು ವರ್ಷ, ಮಗಳೇ" ಅಂದರು ಅವರು. "ಮನೇಲೂ 'ಇವಳೇ, ಬಾ ಇಲ್ಲಿ' ಅಂತಾನೇ ಕರೆದೆ. ಬಾಯ್ತುಂಬ ಹೆಸರು ಹಿಡಿದು ಕೂಗಿದ್ದು ಇವತ್ತೇ ಮೊದಲು. ಕೇಳಿಸ್ಕೊಳ್ಳೋಕೆ ಅವಳೇ ಇಲ್ಲ."