ಹನಿಯೊಳಗಿನ ಜನಗಣತಿ
ವಿಜಾಪುರದ ಶಿವಪುತ್ರಪ್ಪನವರಿಗೆ ಫೋರ್ಟಿನ ಕಚೇರಿಯೊಂದರಲ್ಲಿ ಸಮುದ್ರದ ನೀರಿನ ಸೂಕ್ಷ್ಮಜೀವಿಗಳನ್ನು ಎಣಿಸುವ ನೌಕರಿ. ಯಾವ ಜೀವಿ ಎಷ್ಟಿದೆಯೆಂದು ನೋಡಿಯೇ ನೀರು ಕೆಟ್ಟಿದೆಯೋ ಇಲ್ಲವೋ ಹೇಳಿಬಿಡುತ್ತಾರೆ. ಉಡುಪಿ ಹೋಟೆಲಿನಲ್ಲೂ ಗ್ಲಾಸನ್ನು ಬೆಳಕಿಗೆ ಹಿಡಿದು, “ಇದರಾಗ ಯಾರೂ ಇಲ್ಲ, ಕುಡೀರಿ” ಎಂದು ಪಕ್ಕದವರಿಗೆ ಅಭಯ ಕೊಡುತ್ತಾರೆ. ಲೋಕಲ್ ರೈಲಿನಲ್ಲಿ ಮೀನಿನ ಬುಟ್ಟಿ ಕಂಡರೆ ಬೋಗಿಯನ್ನೇ ಬದಲಿಸುವ ಈ ಲಿಂಗವಂತರು, ಎಣಿಸುವ ಮೊದಲು ಆ ಜೀವಿಗಳನ್ನು ಫಾರ್ಮಲಿನ್ ಹಾಕಿ ಕೊಲ್ಲಲೇಬೇಕು. ಪ್ರತಿ ಬಾಟಲಿಗೂ ಕೊರಳ ಲಿಂಗ ಮುಟ್ಟಿ, “ತಪ್ಪಾತೋ ಶಿವನೇ, ಹೊಟ್ಟಿಪಾಡು” ಎನ್ನುತ್ತಾರೆ. ಮೊನ್ನೆ ಗಿರಣಿಗಳ ಹೊಲಸು ಸೇರುವ ಖಾಡಿಯ ಹಿನ್ನೀರು ಪರೀಕ್ಷೆಗೆ ಬಂತು. ಅದರಲ್ಲಿ ಒಂದು ಜೀವಿಯೂ ಇರಲಿಲ್ಲ. “ಇವತ್ತು ಕೊಲ್ಲುವ ಪಾಪ ತಪ್ಪಿತಲ್ಲ” ಎಂದು ಪಕ್ಕದ ಮೇಜಿನಿಂದ ನಾನೆಂದೆ. ಊಟದ ಹೊತ್ತಾದರೂ ಅವರು ಬುತ್ತಿ ಬಿಚ್ಚಲಿಲ್ಲ. “ನನಗಿಂತ ಮೊದಲ ಯಾರೋ ಕೊಂದಾರ್ರೀ” ಎಂದು ಲಿಂಗ ಮುಟ್ಟಿಕೊಂಡರು.